ಮುಳ್ಳು ಮಾಸ್ತರರು ಮೆಚ್ಚಿದ ಪರದೆ

ಮುಳ್ಳು ಮಾಸ್ತರರಿಗೆ ಆ ಹೆಸರು ಬಂದದ್ದು ಗಡಿಯಾರದ ಮುಳ್ಳಿನಿಂದ ಎಂದು ಅವರ ಹೆಂಡತಿ ಹೇಳುತ್ತಾಳೆ. ಅಲ್ಲ, ನಾಲಗೆಯ ಮುಳ್ಳಿನಿಂದ ಎಂದು ಬೀದಿಯ ಜನ ಹೇಳುತ್ತಾರೆ. ಎರಡರಲ್ಲಿ ಯಾವುದನ್ನೂ ತಳ್ಳಿಹಾಕುವಂತಿಲ್ಲ. ಮಾಸ್ತರರು ಗಡಿಯಾರ ರಿಪೇರಿ ಮಾಡುವವರು. ಮೆಟ್ಟಿಲ ಕೆಳಗೆ ಗೂಡಿನಂಥ ಅಂಗಡಿ. ಗೋಡೆಯ ತುಂಬ ಗಡಿಯಾರಗಳು, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿದ್ದವು. "ಇದ್ರಲ್ಲಿ ಸರಿಯಾದ ಟೈಮು ಯಾವುದ್ರೀ?" ಎಂದು ಯಾರಾದರೂ ಕೇಳಿದರೆ, "ಸರಿಯಾಗಿರೋ ಗಡಿಯಾರ ಇಲ್ಲಿಗ್ಯಾಕೆ ಬರುತ್ತೆ? ಅದು ಅವರವರ ಮನೇಲಿರುತ್ತೆ" ಎನ್ನುತ್ತಿದ್ದರು. ನೀರು ಹೊಕ್ಕ ಕೈಗಡಿಯಾರ ತಂದವನಿಗೆ, "ನೀರು ಹಾಕಿದ್ರೆ ಚಿಗುರುತ್ತೆ ಅಂದ್ಕೊಂಡ್ರಾ?" ಎಂದು ಕೇಳದೆ ಮುಚ್ಚಳ ತೆಗೆಯುತ್ತಿರಲಿಲ್ಲ. ಇಷ್ಟಾದರೂ ಗಿರಾಕಿಗಳು ಬರುತ್ತಿದ್ದರು, ಏಕೆಂದರೆ ಮಾಸ್ತರರ ಕೈ ಮುಟ್ಟಿದ ಗಡಿಯಾರ ಮತ್ತೆ ನಿಲ್ಲುತ್ತಿರಲಿಲ್ಲ.

ಮಾಸ್ತರರಿಗೆ ತಮ್ಮ ಕೈಯ ಮೇಲೆ ಅಭಿಮಾನವಿತ್ತು. ಕಣ್ಣಿನ ಮೇಲೆ ಇದ್ದದ್ದಕ್ಕೆ ಅಭಿಮಾನ ಎಂಬ ಸಣ್ಣ ಮಾತು ಸಾಲದು. "ನಮ್ಮ ವಂಶದ ಹೊಸಿಲನ್ನ ಕನ್ನಡಕ ಅನ್ನೋದು ದಾಟಿಲ್ಲ. ಕನ್ನಡಕ ಹಾಕ್ಕೊಂಡೋನ ಕೈಗೆ ಯಾವನಾದ್ರೂ ಗಡಿಯಾರ ಕೊಡ್ತಾನಾ?" ಎಂದು ಎದೆ ತಟ್ಟಿಕೊಳ್ಳುತ್ತಿದ್ದರು. ಅವರ ಅಪ್ಪ ಊರ ನಡುವಿನ ಗೋಪುರದ ಗಡಿಯಾರ ನೋಡಿಕೊಳ್ಳುತ್ತಿದ್ದವರು. ಕಡೆಯವರೆಗೂ ಬರಿಗಣ್ಣಲ್ಲೇ ಗೋಪುರ ಹತ್ತಿ ಇಳಿದರು ಎಂಬುದು ಮನೆಯವರಿಗಿಂತ ಹೆಚ್ಚಾಗಿ ಊರಿಗೇ ಗೊತ್ತಿದ್ದ ಸಂಗತಿ. ಅವರು ಹೋದ ಮೇಲೆ ನಗರ ಕಚೇರಿಯವರು ಆ ಕೆಲಸವನ್ನು ಯಾರ್ಯಾರಿಗೋ ವಹಿಸಿದರು. ಗಡಿಯಾರ ನಿಂತೇ ಹೋಯಿತು. ಅಪ್ಪನ ಗಡಿಯಾರವನ್ನು ತಾನು ನಡೆಸಬೇಕು ಎಂಬುದೊಂದೇ ಮಾಸ್ತರರ ಆಸೆ. ಪ್ರತಿದಿನ ಅಂಗಡಿ ತೆಗೆಯುವ ಮುಂಚೆ ಗೋಪುರದ ಕಡೆ ಒಮ್ಮೆ ನೋಡಿ, ಕಾಯಿಲೆಯ ನೆಂಟರನ್ನು ಕಂಡವರಂತೆ ತಲೆಯಾಡಿಸಿ, ಬೀಗ ತೆಗೆಯುತ್ತಿದ್ದರು.

ಇಂಥ ಕಣ್ಣು, ವಯಸ್ಸು ನಲವತ್ತೈದು ದಾಟಿದ ಮೇಲೆ, ಎಲ್ಲರ ಕಣ್ಣಿನ ಹಾಗೆಯೇ ಹತ್ತಿರದ್ದನ್ನು ಕೈಬಿಟ್ಟಿತ್ತು. ಆದರೆ ಆ ಸುದ್ದಿ ಮಾಸ್ತರರಿಗೆ ಮುಟ್ಟಿರಲಿಲ್ಲ. ಮುಟ್ಟುವುದಾದರೂ ಹೇಗೆ? ಬೆಳಗಿನಿಂದ ಸಂಜೆಯವರೆಗೆ ಅವರು ಬಲಗಣ್ಣಿನ ಗುಳಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿರುತ್ತಿದ್ದರು. ಅದರಲ್ಲಿ ಇರುವೆಯೂ ಆನೆ. ಅದನ್ನು ತೆಗೆದು ಹಣೆಗೇರಿಸಿದ ಮೇಲೆ ಲೋಕ ಮಂಜಾದರೆ ಅದು ಲೋಕದ ತಪ್ಪು. ಪತ್ರಿಕೆಯವರು ಮಸಿ ಉಳಿಸುತ್ತಿದ್ದಾರೆ ಎಂದು ಮಾಸ್ತರರು ಪತ್ರಿಕೆ ತರಿಸುವುದನ್ನೇ ಬಿಟ್ಟರು. ಮಾತ್ರೆಯ ಕಂಪನಿಯವರು ಜನರಿಗೆ ತಿಳಿಯಬಾರದೆಂದೇ ಸಣ್ಣ ಅಕ್ಷರ ಹಾಕುತ್ತಾರೆ ಎಂದು ಮಾತ್ರೆ ನುಂಗುವುದನ್ನೇ ನಿಲ್ಲಿಸಿದರು.

ಅವರ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮದುವೆಯಾದ ಹೊಸದರಲ್ಲಿ ಒಂದು ಸಂಜೆ ಮಾಸ್ತರರು ಅವಳ ಸೂಜಿಗೆ ನೂಲು ಪೋಣಿಸಿಕೊಟ್ಟಿದ್ದರು. ಅಂದಿನಿಂದ ಅದು ಅವರ ಕೆಲಸವೇ ಆಗಿತ್ತು. ಈಚೆಗೆ ಅವರು ನೂಲಿನ ತುದಿ ನೆಕ್ಕಿ ನೆಕ್ಕಿ, ಸೂಜಿಯನ್ನು ದೀಪಕ್ಕೆ ಹಿಡಿದು, ಬೆವರು ಒರೆಸಿಕೊಂಡು, "ಈ ಸೂಜಿ ಕಂಪನಿಯವರು ತೂತು ಕಿರಿದು ಮಾಡಿದ್ದಾರೆ ಕಣೇ" ಎನ್ನುತ್ತಿದ್ದರು. ಹೆಂಡತಿ, "ಹೂಂ, ಈಗೀಗ ಎಲ್ಲಾದ್ರಲ್ಲೂ ಮೋಸ" ಎನ್ನುತ್ತಿದ್ದಳು. ನೂಲು ಸೂಜಿಯ ಪಕ್ಕದಲ್ಲಿ ಹಾದುಹೋದದ್ದನ್ನು ಮಾಸ್ತರರು ಪೋಣಿಸಿದೆನೆಂದು ತಿಳಿದು ಕೈಗೆ ಕೊಟ್ಟಾಗ, ಅವಳು ಆಚೆ ತಿರುಗಿ ತಾನೇ ಪೋಣಿಸಿಕೊಳ್ಳುತ್ತಿದ್ದಳು. ಗಂಡನ ಮೇಲೆ ಅವಳಿಗೆ ಪ್ರೀತಿಯಿತ್ತು. ಆ ಪ್ರೀತಿಯೇ ಮುಂದಿನ ಅನಾಹುತಕ್ಕೆಲ್ಲ ದಾರಿಯಾಯಿತು.

ಹೀಗಿರುವಾಗ ಮಾಸ್ತರರ ಮೊಬೈಲಿನ ಪರದೆ ಕೆಟ್ಟಿತು. ಎಂದರೆ, ಕೆಟ್ಟಿದೆ ಎಂದು ಮಾಸ್ತರರು ತೀರ್ಪು ಕೊಟ್ಟರು. ಎರಡು ಅಂಗಡಿ ಆಚೆಗಿನ ಮೊಬೈಲ್ ಅಂಗಡಿಗೆ ಹೋಗಿ, "ನೋಡಯ್ಯಾ, ಅಕ್ಷರ ಎಲ್ಲಾ ಹರಡಿಕೊಂಡಿದೆ" ಎಂದು ಅದನ್ನು ಮೇಜಿನ ಮೇಲೆ ಕುಕ್ಕಿದರು.

ಅಂಗಡಿಯವನು ನೋಡಿದ. ಅಕ್ಷರಗಳು ಇದ್ದಲ್ಲೇ ಅಚ್ಚುಕಟ್ಟಾಗಿದ್ದವು. ಆದರೆ ಪರದೆ ಚೆನ್ನಾಗಿದೆ ಎಂದು ಹೇಳುವ ಸ್ವಭಾವದವನು ಮೊಬೈಲ್ ಅಂಗಡಿ ಯಾಕೆ ಇಡುತ್ತಾನೆ?

"ಹೌದು ಮಾಸ್ತ್ರೇ, ಇದು ಹಳೇ ಕಾಲದ ಪರದೆ. ಚುಕ್ಕೆ ಕಮ್ಮಿ."

"ಚುಕ್ಕೆ ಅಂದ್ರೆ?"

"ಪರದೆ ಮೇಲಿನ ಅಕ್ಷರ, ಚಿತ್ರ ಎಲ್ಲಾ ಆಗೋದು ಚುಕ್ಕೆಯಿಂದ್ಲೇ. ಈ ಹೊಸದ್ರಲ್ಲಿ ಅಷ್ಟೇ ಜಾಗದಲ್ಲಿ ನಾಲ್ಕರಷ್ಟು ಚುಕ್ಕೆ ಇದೆ. ಚುಕ್ಕೆ ಹೆಚ್ಚಿದಷ್ಟೂ ಚಿತ್ರ ನಯ." ಅಂಗಡಿಯವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಆದ್ರೆ ಒಂದು ಮಾತು. ಈ ವ್ಯತ್ಯಾಸ ಎಲ್ರಿಗೂ ಕಾಣಲ್ಲ. ಕಣ್ಣು ಚೆನ್ನಾಗಿರೋರಿಗೆ ಮಾತ್ರ."

ಈ ಕೊನೆಯ ಮಾತನ್ನು ಅವನು ಪ್ರತಿ ಗಿರಾಕಿಗೂ ಅತ್ತಿತ್ತ ನೋಡಿಯೇ ಹೇಳುತ್ತಿದ್ದ. ಮಾಸ್ತರರ ಕೈ ತಾನಾಗಿ ಹಣೆಗೆ ಹೋಯಿತು. ಯಾವ ವಸ್ತುವನ್ನಾದರೂ ಪರೀಕ್ಷಿಸಬೇಕೆಂದರೆ ಹಣೆಯ ಮೇಲಿನ ಭೂತಗನ್ನಡಿಯನ್ನು ಕಣ್ಣಿಗಿಳಿಸುವುದು ಅವರಿಗೆ ಉಸಿರಾಟದಷ್ಟೇ ಸಹಜ. ಮೊದಲು ಹಳೆಯದನ್ನು ನೋಡಿದರು. ಕೆಂಪು, ಹಸಿರು, ನೀಲಿ ಚುಕ್ಕೆಗಳು ಸೊಳ್ಳೆಪರದೆಯ ಕಣ್ಣುಗಳ ಹಾಗೆ ಬಿಡಿಬಿಡಿಯಾಗಿ ಕಂಡವು. ಹೊಸದನ್ನು ನೋಡಿದರು. ಚುಕ್ಕೆಗಳನ್ನು ಹುಡುಕಬೇಕಾಯಿತು.

"ಅಬ್ಬಬ್ಬಾ! ಎಲ್ಲಿಯ ಗೋಣಿತಟ್ಟು, ಎಲ್ಲಿಯ ರೇಷ್ಮೆ! ಇದು ಕಾಣದೋನು ಕುರುಡ ಕಣಯ್ಯಾ!" ಎಂದು ಮಾಸ್ತರರು ಕೂಗಿದ್ದು ಬೀದಿಯ ಆ ತುದಿಗೆ ಕೇಳಿಸಿತು. ಅಂಗಡಿಯವನು ಹೊಸ ಮೊಬೈಲಿನ ಅಕ್ಷರಗಳನ್ನು ಸದ್ದಿಲ್ಲದೆ ಎರಡರಷ್ಟು ದೊಡ್ಡದು ಮಾಡಿ ಪೊಟ್ಟಣ ಕಟ್ಟಿಕೊಟ್ಟ.

ಮನೆಗೆ ಬಂದು ಬರಿಗಣ್ಣಲ್ಲಿ ನೋಡಿದಾಗಲೂ ಅಕ್ಷರ ಕಂಡವು. ಕುಂಬಳಕಾಯಿ ಗಾತ್ರದ ಅಕ್ಷರ ಯಾರಿಗೆ ಕಾಣುವುದಿಲ್ಲ? ಮಾಸ್ತರರಿಗೆ ಅದು ಹೊಳೆಯಲಿಲ್ಲ. ಅವರ ಲೆಕ್ಕದಲ್ಲಿ ಪರದೆ ಗೆದ್ದಿತು, ಕಣ್ಣು ಗೆದ್ದಿತು, ವಂಶ ಗೆದ್ದಿತು.

ಅಂದಿನಿಂದ ಬೀದಿಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಮಾಸ್ತರರು ದಾರಿಯಲ್ಲಿ ಹೋಗುವವರನ್ನು ತಡೆದು ಎರಡೂ ಮೊಬೈಲನ್ನು ಅಕ್ಕಪಕ್ಕ ಹಿಡಿದು, "ವ್ಯತ್ಯಾಸ ಕಾಣ್ತಾ? ಕಣ್ಣು ಚೆನ್ನಾಗಿರೋರಿಗೆ ಮಾತ್ರ ಕಾಣೋದು" ಎನ್ನುತ್ತಿದ್ದರು. ಹೀಗೆ ಕೇಳಿದ ಮೇಲೆ ಕಾಣುವುದಿಲ್ಲ ಎನ್ನುವ ಧೈರ್ಯ ಯಾರಿಗಿದೆ? ಮೇಲಿನ ಮನೆಯ ನಿವೃತ್ತ ರೈಲ್ವೆ ಗಾರ್ಡು ತುಂಬ ಹೊತ್ತು ದಿಟ್ಟಿಸಿ, "ಹಗಲು ರಾತ್ರಿ ವ್ಯತ್ಯಾಸ" ಎಂದರು. ಎದುರಿನ ಇಸ್ತ್ರಿ ಅಂಗಡಿಯವನು ಒಂದು ಹೆಜ್ಜೆ ಮುಂದೆ ಹೋದ. ಪರದೆಯ ಮೇಲೆ ಇದ್ದದ್ದು ಮಾಸ್ತರರ ತಾಯಿಯ ಫೋಟೋ.

"ಆಹಾಹಾ! ಒಂದೊಂದು ಸುಕ್ಕೂ ಎಣಿಸೋ ಹಾಗಿದೆ ಮಾಸ್ತ್ರೇ! ಇಸ್ತ್ರಿ ಪೆಟ್ಟಿಗೆ ತಗೊಂಡು ಒಂದು ಸಲ ಉಜ್ಜಿಬಿಡೋಣ ಅನ್ಸುತ್ತೆ!"

ಜಗುಲಿಯಲ್ಲಿ ಕೂತಿದ್ದ ತಾಯಿಗೆ ಇದು ಕೇಳಿಸಿತು. "ಏನೋ, ನನ್ನ ಮುಖದ ಸುಕ್ಕು ಊರಿಗೆ ತೋರಿಸೋಕೆ ಇಷ್ಟು ದುಡ್ಡು ಸುರಿದ್ಯಾ? ಹೇಳಿದ್ರೆ ನಾನೇ ಬಾಗಿಲಲ್ಲಿ ಕೂರ್ತಿದ್ನಲ್ಲೋ!" ಎಂದರು.

ಇಸ್ತ್ರಿಯವನೂ ಹೊಸ ಪರದೆಯ ಮೊಬೈಲು ಕೊಂಡ. ಗಾರ್ಡೂ ಕೊಂಡರು. ಮೊಬೈಲ್ ಅಂಗಡಿಯವನು ಮಾಸ್ತರರಿಗೆ ದಿನವೂ ಟೀ ಕಳಿಸತೊಡಗಿದ. ಒಂದು ಬೆಳಿಗ್ಗೆ ಅವನ ಅಂಗಡಿಯ ಮುಂದೆ "ಮುಳ್ಳು ಮಾಸ್ತರರು ಮೆಚ್ಚಿದ ಪರದೆ ಇಲ್ಲಿ ದೊರೆಯುತ್ತದೆ" ಎಂಬ ಫಲಕ ಕಾಣಿಸಿಕೊಂಡಿತು. ಮಾಸ್ತರರು ಆ ದಿನ ಬೀದಿಯ ಆಚೆ ಬದಿಯಲ್ಲಿ ಹೋಗುತ್ತಾ ಒಮ್ಮೆ ಓದಿದರು, ಈಚೆ ಬದಿಯಲ್ಲಿ ಬರುತ್ತಾ ಒಮ್ಮೆ ಓದಿದರು. ದೂರದಿಂದ ಅಕ್ಷರ ಸ್ಪಷ್ಟವಾಗಿಯೇ ಕಾಣುತ್ತಿತ್ತು.

ಈ ರಾಜ್ಯಭಾರಕ್ಕೆ ಕಲ್ಲು ಬಿದ್ದದ್ದು ಷಡ್ಡಕನಿಂದ. ಷಡ್ಡಕ ಎಂದರೆ ಹೆಂಡತಿಯ ತಂಗಿಯ ಗಂಡ. ಲೋಕದಲ್ಲಿ ದಾಯಾದಿಗಳು ರಾಜಿಯಾಗಬಹುದು, ಷಡ್ಡಕರು ಒಬ್ಬರನ್ನೊಬ್ಬರು ಅಳೆಯುವುದನ್ನು ಬಿಡುವುದಿಲ್ಲ. ಈತ ನಗರ ಕಚೇರಿಯಲ್ಲಿ ಗುಮಾಸ್ತ. ಯಾವ ವಿಷಯವಾದರೂ ಓದಿಕೊಂಡಿರುತ್ತಿದ್ದ, ಓದದಿದ್ದದ್ದನ್ನು ಕೇಳಿಕೊಂಡಿರುತ್ತಿದ್ದ. ಆದರೆ ಕೆಟ್ಟವನಲ್ಲ. ಅಂದು ಒಳ್ಳೆಯ ಸುದ್ದಿಯನ್ನೇ ಹೊತ್ತು ಬಂದಿದ್ದ.

"ಅಣ್ಣ, ಗೋಪುರದ ಗಡಿಯಾರಕ್ಕೆ ಈ ಸಲ ಕಾಲ ಕೂಡಿ ಬರೋ ಹಾಗಿದೆ. ಹೊಸ ಇಂಜಿನಿಯರ್ ಮೇಡಂ ಬಂದಿದ್ದಾರೆ. ನಾನೂ ಅವರ ಜೊತೆ ಗೋಪುರ ಹತ್ತಿದ್ದೆ. ಪಾರಿವಾಳದ ಗೂಡು, ಎಣ್ಣೆ ಡಬ್ಬ, ಯಾರೋ ಬಿಟ್ಟುಹೋದ ಒಂದು ಕನ್ನಡಕ, ಅಷ್ಟು ಬಿಟ್ರೆ ಅಲ್ಲೇನೂ ಇಲ್ಲ. ನಿಮ್ಮ ಹೆಸರು ಹೇಳಿದ್ದೀನಿ."

ಮಾಸ್ತರರಿಗೆ ಸಂತೋಷವೋ ಸಂತೋಷ. ಸಂತೋಷದಲ್ಲೂ ನಾಲಗೆ ಸುಮ್ಮನಿರಲಿಲ್ಲ. "ಆ ಕನ್ನಡಕ ಯಾವನೋ ನಿನ್ನಂಥ ಗುಮಾಸ್ತನದಿರಬೇಕು. ಗಡಿಯಾರದೋನದಂತೂ ಅಲ್ಲ" ಎಂದರು. ಆಮೇಲೆ ಸುಮ್ಮನಿರಲಾರದೆ ಹೊಸ ಮೊಬೈಲು ತೆಗೆದರು. "ವ್ಯತ್ಯಾಸ ಕಾಣ್ತಾ?"

ಷಡ್ಡಕ ಎರಡನ್ನೂ ನೋಡಿದ. "ಇಲ್ಲ."

ಆ ಬೀದಿಯಲ್ಲಿ ಆ ಮಾತು ಹುಟ್ಟಿದ್ದು ಅದೇ ಮೊದಲು. ಒಳಗೆ ಹೊಲಿಗೆ ಯಂತ್ರ ನಿಂತಿತು.

"ಇಲ್ವಾ?"

"ಇಲ್ಲ ಅಣ್ಣ. ನಾನು ಓದಿದ್ದೀನಿ. ಮನುಷ್ಯನ ಕಣ್ಣಿಗೆ ಒಂದು ಮಿತಿ ಅಂತ ಇದೆ. ಕೈಯಲ್ಲಿ ಹಿಡ್ಕೊಂಡು ನೋಡೋ ಪರದೆಗೆ ಅದನ್ನ ದಾಟಿ ಎಷ್ಟು ಚುಕ್ಕೆ ತುಂಬಿದ್ರೂ ಯಾರಿಗೂ ಕಾಣಲ್ಲ. ಸುಮ್ನೆ ದುಡ್ಡು ದಂಡ."

"ಮನುಷ್ಯನ ಕಣ್ಣಿಗೆ ಮಿತಿ ಇರಬಹುದಪ್ಪಾ. ನನ್ನ ಕಣ್ಣಿನ ವಿಷಯ ಹೇಳು!"

ಮಾತಿಗೆ ಮಾತು ಬೆಳೆಯಿತು. ಗಾರ್ಡು ಮೇಲಿನಿಂದ ಇಳಿದು ಬಂದರು, ಇಸ್ತ್ರಿಯವನು ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಬಂದ. ಕಡೆಗೆ ಭಾನುವಾರ ಸಂಜೆ ಪರೀಕ್ಷೆ ಎಂದು ನಿಶ್ಚಯವಾಯಿತು. ಎರಡು ಮೊಬೈಲಿನಲ್ಲೂ ಒಂದೇ ಚಿತ್ರ, ಒಂದೇ ಗಾತ್ರದ ಅಕ್ಷರ, ಒಂದೇ ಬೆಳಕು. ಒಂದು ಮೊಳ ದೂರದಿಂದ, ಬರಿಗಣ್ಣಲ್ಲಿ, ಹೊಸದು ಯಾವುದು ಎಂದು ಮಾಸ್ತರರು ಹೇಳಬೇಕು. ಗಾರ್ಡು ತೀರ್ಪುಗಾರರು. ಅವರ ಹತ್ತಿರ ನೌಕರಿಯ ಕಾಲದ ಸೀಟಿ ಇನ್ನೂ ಇತ್ತು, ಅದನ್ನು ಊದುವ ಸಂದರ್ಭಕ್ಕಾಗಿ ಅವರು ನಿವೃತ್ತಿಯಾದಂದಿನಿಂದ ಕಾಯುತ್ತಿದ್ದರು.

ಎರಡೂ ಮೊಬೈಲಿಗೆ ಒಂದೇ ಬಟ್ಟೆಯ ಚೀಲ ಹೊಲಿದು, ಪರದೆಯಷ್ಟಕ್ಕೆ ಕಿಟಕಿ ಬಿಡುವ ಕೆಲಸ ಮಾಸ್ತರರ ಹೆಂಡತಿಗೆ ಬಂತು. ಸೂಜಿಯ ಸತ್ಯ ಲೋಕದಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೆ. ಗಂಡ ಎಲ್ಲರ ಎದುರು ತಲೆ ತಗ್ಗಿಸುವುದು ಅವಳಿಗೆ ಬೇಡವಾಗಿತ್ತು. ಹೊಸ ಮೊಬೈಲಿನ ಚೀಲದ ಕೆಳಮೂಲೆಯಲ್ಲಿ ಒಂದು ಗೇಣಿನ ಕಾಲುಭಾಗದಷ್ಟು ಕೆಂಪು ನೂಲನ್ನು ಕತ್ತರಿಸದೆ ಹಾಗೇ ಬಿಟ್ಟಳು. ಬಾಯಿಬಿಟ್ಟು ಹೇಳಿದರೆ ಅವರ ಮಾನಕ್ಕೆ ಕುಂದು, ಕಂಡೇ ಕಾಣುತ್ತದೆ, ಕಂಡರೆ ತಿಳಿದೇ ತಿಳಿಯುತ್ತದೆ ಎಂದುಕೊಂಡಳು.

ಭಾನುವಾರ ಸಂಜೆ ನಡುಮನೆ ತುಂಬಿತು. ಹೊಲಿಗೆ ಯಂತ್ರ ಮೂಲೆ ಸೇರಿತು, ಅದರ ಮೇಲೆ ಇಸ್ತ್ರಿಯವನು ಕೂತ. ಮೊಬೈಲ್ ಅಂಗಡಿಯವನು ತನ್ನ ವ್ಯಾಪಾರದ ಮಾನ ಕಾಯಲು ಬಂದು ಬಾಗಿಲ ಹತ್ತಿರವೇ ನಿಂತ. ಗಾರ್ಡು ಸೀಟಿಯನ್ನು ಬಾಯಿಗಿಟ್ಟುಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಯಾರೋ ಹೆಂಗಸು, "ಗಡಿಯಾರದ ಮಾಸ್ತರರ ಮನೆ ಇದೇನಾ?" ಎಂದರು.

ಷಡ್ಡಕ ಸ್ಪ್ರಿಂಗು ಬಿಟ್ಟವನಂತೆ ಎದ್ದು ನಿಂತ. "ಮೇಡಂ!"

ಇಂಜಿನಿಯರಮ್ಮ ಒಳಗೆ ಬಂದರು. "ನಾಳೆ ಗೋಪುರ ನೋಡೋಕೆ ಹೊರಗಿನ ಕಂಪನಿಯವರು ಬರ್ತಾರೆ. ಅದಕ್ಕೆ ಮುಂಚೆ ಹಳಬರ ಮಗನನ್ನ ಒಂದು ಸಲ ನೋಡಿ ಹೋಗೋಣ ಅಂತ ಬಂದೆ. ಇದೇನು ಇಷ್ಟು ಜನ?"

ಗಾರ್ಡು ವಿವರಿಸಿದರು. ಇಂಜಿನಿಯರಮ್ಮ ಕುರ್ಚಿ ಎಳೆದುಕೊಂಡು ಕೂತರು. "ಒಳ್ಳೇದೇ ಆಯ್ತು, ನಡೀಲಿ. ಗಡಿಯಾರಕ್ಕೂ ಬೇಕಾದ್ದು ಕಣ್ಣೇ ತಾನೆ?"

ಮಾಸ್ತರರ ಎದೆ ಹಿಗ್ಗಿತು. ಹೆಂಡತಿಯ ಎದೆ ಧಸಕ್ಕೆಂದಿತು. ಸೀಟಿ ಮೊಳಗಿತು.

ಷಡ್ಡಕ ಎರಡು ಚೀಲವನ್ನೂ ಒಂದು ಮೊಳ ದೂರಕ್ಕೆ ಹಿಡಿದ. ಮಾಸ್ತರರು ಎಡದ್ದನ್ನು ನೋಡಿದರು, ಮಂಜು. ಬಲದ್ದನ್ನು ನೋಡಿದರು, ಅದೇ ಮಂಜು. ಕಣ್ಣು ಕಿರಿದು ಮಾಡಿದರು, ಹಿರಿದು ಮಾಡಿದರು. ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ವಾಲಿದರು, ಇನ್ನಷ್ಟು ವಾಲಿದರು. ಕುರ್ಚಿಯ ಮುಂಗಾಲುಗಳು ನೆಲ ಬಿಟ್ಟವು.

"ಮಾಸ್ತ್ರೇ, ಬಂಡಿ ಹಳಿ ತಪ್ತಾ ಇದೆ!" ಎಂದು ಗಾರ್ಡು ಸೀಟಿ ಊದಿದರು.

"ಬೆಳಕು ಸರಿಯಿಲ್ಲ. ನೀನು ಸ್ವಲ್ಪ ಹಿಂದೆ ಹೋಗಪ್ಪಾ" ಎಂದರು ಮಾಸ್ತರರು. ಷಡ್ಡಕ ಹಿಂದೆ ಹೋದ. "ಇನ್ನೂ." ಷಡ್ಡಕ ಗೋಡೆಗೆ ಬೆನ್ನು ಹಚ್ಚಿದ. "ಇನ್ನೂ ಸ್ವಲ್ಪ."

"ಇನ್ನು ಹಿಂದೆ ಪಕ್ಕದ ಮನೆ ಅಣ್ಣ!"

"ನಿಯಮ ಒಂದು ಮೊಳ" ಎಂದು ತೀರ್ಪುಗಾರರು ಇಬ್ಬರನ್ನೂ ಮೊದಲಿನ ಜಾಗಕ್ಕೆ ತಂದರು. ಕೈಯಲ್ಲಿ ಹಿಡಿದು ನೋಡಬಹುದೇ ಎಂದು ಮಾಸ್ತರರು ಕೇಳಿದರು. ನೋಡಬಹುದು ಎಂದಾಯಿತು. ಚೀಲಗಳನ್ನು ತೆಗೆದುಕೊಂಡಾಗ ಅವರ ಬೆರಳಿಗೆ ಏನೋ ತಗುಲಿತು. ಹೆಂಡತಿ ಉಸಿರು ಬಿಗಿಹಿಡಿದು ಎರಡು ಹೆಜ್ಜೆ ಮುಂದೆ ಬಂದಳು. ಮಾಸ್ತರರು ಮೂಲೆಯನ್ನು ಸವರಿ, ಮೆಚ್ಚದವರಂತೆ ತುಟಿ ಕೊಂಕಿಸಿದರು.

"ಇದೇನೇ, ಹೊಲಿಗೆ ಮುಗಿಸಿ ನೂಲು ಹಾಗೇ ಬಿಟ್ಟಿದ್ದೀಯ? ನಾಲ್ಕು ಜನರ ಎದುರಿಗೆ?" ಎಂದು ಆ ನೂಲನ್ನು ಹಲ್ಲಿನಿಂದ ಕಟಕ್ಕನೆ ಕಡಿದು ಉಗುಳಿದರು.

ಹೆಂಡತಿ ಸೀರೆಯ ಸೆರಗನ್ನು ಬಾಯಿಗಿಟ್ಟುಕೊಂಡು ಸೂರನ್ನು ನೋಡಿದಳು. ಮಾಸ್ತರರು ಒಂದು ಚೀಲವನ್ನು ಎತ್ತಿ ಹಿಡಿದು, "ಇದೇ ಹೊಸದು! ಎಂಥಾ ನಯ!" ಎಂದು ಸಾರಿದರು.

ಷಡ್ಡಕ ಅದನ್ನು ಚೀಲದಿಂದ ಹೊರಗೆಳೆದ. ಅದು ಹಳೆಯದು.

ಇಂಜಿನಿಯರಮ್ಮ ತಮ್ಮ ಕೈಗಡಿಯಾರ ನೋಡಿಕೊಂಡರು. ಅದೊಂದು ಸಾಮಾನ್ಯ ಸಂಗತಿ, ಆದರೆ ಮಾಸ್ತರರಿಗೆ ಗೋಪುರವೇ ಕಾಲ ಕೆಳಗಿನಿಂದ ಸರಿದಂತಾಯಿತು.